ಓಡಿ, ನಡೆದು, ಮತ್ತೆ ಓಡುವುದು ಹೇಗೆ?



ನಮ್ಮ ತರಗತಿಯ ಒಬ್ಬಳ ಅಪ್ಪ ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದು ನಿಮಗೆ ಗೊತ್ತು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಳು.) ಅವರಿಗಾಗಿ ನಾವು ಏಳನೇ ತರಗತಿಯವರು ಸಹಾಯಾರ್ಥ ಓಟ ಇಟ್ಟುಕೊಂಡಿದ್ದೇವೆ. ಶಾಲೆಯ ಮೈದಾನ ಒಂದು ಸುತ್ತು 200 ಮೀಟರ್. 25 ಸುತ್ತಿಗೆ 5 ಕಿ.ಮೀ. ಸುತ್ತಿಗೆ 2 ರೂಪಾಯಿ ಕೊಡುತ್ತೇವೆ ಎಂದು ನನ್ನ ನೋಟ್‌ಬುಕ್ಕಿನಲ್ಲಿ 14 ಮಂದಿ ಸಹಿ ಹಾಕಿದ್ದಾರೆ. ಅಂದರೆ ನಾನು ಒಂದು ಸುತ್ತು ಮುಗಿಸಿದರೆ 28 ರೂಪಾಯಿ, 25 ಮುಗಿಸಿದರೆ 700.

ಮೊದಲ ದಿನ ನಾಯಿ ಅಟ್ಟಿಸಿಕೊಂಡು ಬಂದವಳ ಹಾಗೆ ಓಡಿದೆ. ಆರನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡಿತು, ಕೂತುಬಿಟ್ಟೆ. 6 ಸುತ್ತಿಗೆ 168 ರೂಪಾಯಿ. ಬೇಜಾರಾಯ್ತು.

ಆಗ ಪಿ.ಟಿ. ಮೇಷ್ಟ್ರು ಈ ಪಾಠ ಹೇಳಿಕೊಟ್ಟರು. ಧ್ವಜಸ್ತಂಭದಿಂದ ಹೊಂಗೆ ಮರದವರೆಗೆ ಅರ್ಧ ಸುತ್ತು. ಅಲ್ಲಿಯವರೆಗೆ ಓಡು, ಅಲ್ಲಿಂದ ಧ್ವಜಸ್ತಂಭದವರೆಗೆ ಬಿರುಸಾಗಿ ನಡಿ, ಮತ್ತೆ ಓಡು. ಕೂರಬಾರದು. ಎರಡು ವಾರ ಹೀಗೆ. ಆಮೇಲೆ ಒಂದು ಸುತ್ತು ಓಟ, ಅರ್ಧ ಸುತ್ತು ನಡಿಗೆ. ಈಗ ನಾನು ಒಂದೂವರೆ ಸುತ್ತು ಓಡಿ ಅರ್ಧ ಸುತ್ತು ನಡೆಯುತ್ತೇನೆ. ದಿನಾ ಅಲ್ಲ, ದಿನ ಬಿಟ್ಟು ದಿನ. ನಡುವಿನ ದಿನ ಕಾಲಿಗೆ ರಜ.

ಅಮೆರಿಕದ ಜೆಫ್ ಗ್ಯಾಲೋವೇ ಎಂಬವರು ಈ ಕ್ರಮವನ್ನು ಎಲ್ಲರಿಗೂ ಕಲಿಸಿ ಹೆಸರಾದವರು. ಅವರೇನು ಸೋಮಾರಿಯಲ್ಲ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು!

ಇದರಲ್ಲಿ ಮುಖ್ಯವಾದ ಮಾತು ಒಂದೇ. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯಬೇಕು. ನನಗೆ ಇದು ತಲೆಗೆ ಹೋಗಲಿಲ್ಲ. ಒಂದು ದಿನ "ಇವತ್ತು ಸುಸ್ತೇ ಇಲ್ಲ" ಅಂತ ನಡಿಗೆ ಬಿಟ್ಟು ಓಡಿದೆ. ಒಂಬತ್ತನೇ ಸುತ್ತಿಗೆ ಮತ್ತೆ ಅದೇ ಪಕ್ಕೆ ನೋವು. ಆಮೇಲೆ ನಡೆದರೂ ಉಸಿರು ಸರಿಹೋಗಲಿಲ್ಲ. ಮನೆಯಲ್ಲಿ ಹೇಳಿದಾಗ ಅಜ್ಜಿ ನಕ್ಕರು. ಹಿಂದೆ ದಾರಿ ಬದಿಯಲ್ಲಿ ಹೊರೆಗಲ್ಲು ಇರುತ್ತಿತ್ತಂತೆ. ಹೊರೆ ಹೊತ್ತವರು ಭಾರ ಅನ್ನಿಸಲಿ ಬಿಡಲಿ, ಕಲ್ಲು ಸಿಕ್ಕಿದ ಕಡೆ ಇಳಿಸಿಯೇ ಮುಂದೆ ಹೋಗುತ್ತಿದ್ದರಂತೆ. ಇಲ್ಲದಿದ್ದರೆ ಮುಂದಿನ ಕಲ್ಲಿನವರೆಗೆ ಕತ್ತು ತಡೆಯಬೇಕಲ್ಲ!

ಕಾರಣ ಏನೆಂದರೆ, ನಡೆಯುವಾಗ ಒಂದು ಕಾಲಾದರೂ ನೆಲದ ಮೇಲೆ ಇರುತ್ತದೆ. ಓಡುವಾಗ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿ. ಕೆಳಗೆ ಬಿದ್ದಾಗ ನಮ್ಮ ತೂಕದ ಎರಡು ಮೂರು ಪಟ್ಟು ಹೊಡೆತ ಒಂದೇ ಕಾಲಿಗೆ. ನನ್ನ ತೂಕ 34 ಕಿಲೋ. ಮೂರು ಪಟ್ಟು ಅಂದರೆ 102, ಎರಡು ಸಿಮೆಂಟ್ ಚೀಲ! ನಡೆಯುವಾಗ ಇಷ್ಟು ಹೊಡೆತ ಇಲ್ಲ, ಉಸಿರೂ ತಗ್ಗುತ್ತದೆ. ಓಡುವಾಗ ವೇಗ ಸರಿಯಿದೆಯಾ ಎಂದು ನೋಡಲು ಹದಿನೇಳರ ಮಗ್ಗಿ ಹೇಳಿ. ಮಾತು ತುಂಡಾದರೆ ವೇಗ ಜಾಸ್ತಿ. (ಮಗ್ಗಿಯೇ ಬಾರದವರು ಎರಡರ ಮಗ್ಗಿ ಹೇಳಬಹುದು.)

ಮ್ಯಾರಥಾನ್ ಎಂದರೆ 42 ಕಿ.ಮೀ. 195 ಮೀಟರ್. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ವಾಪಸ್ ಬಂದರೂ ಇನ್ನೂ ಸ್ವಲ್ಪ ಉಳಿಯುತ್ತದೆ. ಅದು ದೊಡ್ಡವರಿಗೆ, ನಮ್ಮಂಥವರು ಓಡಬಾರದು. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ ಎಂಬ ತಾತ 2000ರಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. ದಿನ ತುಂಬದೆ ಹುಟ್ಟುವ ಶಿಶುಗಳಿಗೆ ಹಣ ಕೂಡಿಸಲಿಕ್ಕೆ. ಸುಮಾರು 7 ಗಂಟೆ ಹಿಡಿಯಿತು. ನಿಧಾನ ಆಯಿತೆಂದು ಯಾರಾದರೂ ದುಡ್ಡು ಕಡಿಮೆ ಕೊಟ್ಟರೇ?

ಇದನ್ನು ಯಾಕೆ ಕೇಳಿದೆ ಎಂದರೆ, ನಾನು ನಡೆಯುವುದನ್ನು ನೋಡಿ ಹುಡುಗರು "ಏನೇ, ದನ ಹುಡುಕ್ತಿದ್ದೀಯಾ?" ಅಂತ ಕೂಗುತ್ತಾರೆ. ಮೊದಮೊದಲು ನಾಚಿಕೆಯಾಗಿ ಅವರ ಮುಂದೆ ಮಾತ್ರ ಓಡುತ್ತಿದ್ದೆ. ಹೋದ ವಾರ 22 ಸುತ್ತು ಮುಗಿಸಿದೆ. ಕೂಗಿದವರಲ್ಲಿ ಒಬ್ಬನೂ 10 ದಾಟಿಲ್ಲ.

ಇನ್ನೊಂದು ತಕರಾರು ಬಂತು. ಸಹಿ ಹಾಕಿದ ಅಂಗಡಿ ಅಣ್ಣ "ನಡೆದಿದ್ದಕ್ಕೂ ದುಡ್ಡಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ನೋಟ್‌ಬುಕ್ಕಿನಲ್ಲಿ "ಓಡಿದ ಸುತ್ತು" ಎಂಬುದನ್ನು ಹೊಡೆದು "ಮುಗಿಸಿದ ಸುತ್ತು" ಎಂದು ಬರೆದು 14 ಮನೆಗೂ ಮತ್ತೆ ಹೋದೆ. 13 ಮಂದಿ ಪುನಃ ಸಹಿ ಹಾಕಿದರು. ಅಂಗಡಿ ಅಣ್ಣ ಭಾನುವಾರ ಬಂದು ನೋಡಿ ಹಾಕುತ್ತಾರಂತೆ.

ಓಟ ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ, ಬಿಸಿಲು ಏರುವ ಮುಂಚೆ. ಹೊಟ್ಟೆ ತುಂಬ ತಿಂದು ಬರಬೇಡಿ. ಕುಡಿಯುವ ನೀರಿನ ಕೊಡ ನಾನು ತರುತ್ತೇನೆ, ಲೋಟ ನೀವೇ ತನ್ನಿ.

– ಏಳನೇ ತರಗತಿ, ಆಲ್ಕೊಳ