ಉಳ್ಳಾಗಡ್ಡಿಯಂತೆ ಪದರಗಟ್ಟುವ ಎಲುಬು

ದಢೇಸುಗೂರಿನ ಬತ್ತದ ಗದ್ದೆಯ ಬದುವಿನಲ್ಲಿ ಜಾರಿಬಿದ್ದ ಹದಿನಾಲ್ಕರ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ತೊಡೆ ನೋಯುತ್ತದೆ, ಮನೆಯವರು ಎಣ್ಣೆ ತಿಕ್ಕುತ್ತಾರೆ. ತಿಂಗಳಾದರೂ ನೋವು ಇಳಿಯದೆ ರಾತ್ರಿ ಹೆಚ್ಚುತ್ತಿದ್ದರೆ, ಬಾವು ಜ್ವರಗಳೂ ಕೂಡಿಕೊಂಡರೆ ನಾವು ಸಂಶಯಪಡಬೇಕು. ಪೆಟ್ಟು ಈ ರೋಗವನ್ನು ಹುಟ್ಟಿಸುವುದಿಲ್ಲ. ಅತ್ತ ಗಮನ ಸೆಳೆಯುತ್ತದೆ, ಅಷ್ಟೆ.

1921ರಲ್ಲಿ ಅಮೆರಿಕೆಯ ಜೇಮ್ಸ್ ಯೂಯಿಂಗ್ ವರ್ಣಿಸಿದ ವಿರಳವಾದ ಎಲುಬಿನ ಏಡಿಗಂತಿಯು ಹೀಗೆಯೇ ವೇಷ ಮರೆಸಿಕೊಂಡು ಬರುತ್ತದೆ. ಜ್ವರವನ್ನೂ ರಕ್ತದಲ್ಲಿ ಹೆಚ್ಚಿದ ಬಿಳಿಯ ಕಣಗಳನ್ನೂ ಕಂಡು, ಎಲುಬಿನಲ್ಲಿ ಕೀವುಗಟ್ಟಿದೆಯೆಂದು ವೈದ್ಯರೇ ಭ್ರಮಿಸುವುದುಂಟು. ಕ್ಷ-ಕಿರಣಚಿತ್ರದಲ್ಲಿ ಎಲುಬಿನ ಹೊರಮೈ ಉಳ್ಳಾಗಡ್ಡಿಯಂತೆ ಪದರಪದರವಾಗಿ ಕಾಣಬಹುದು. ಒಳಗಿನ ಗಂತಿ ಒತ್ತಿದಂತೆಲ್ಲ ಹೊರಪೊರೆಯು ಹೊಸ ಎಲುಬನ್ನು ಕಟ್ಟುತ್ತ ಹೋಗುವುದೇ ಇದಕ್ಕೆ ಕಾರಣ. ಆದರೆ ಕೀವುಗಟ್ಟಿದ ಎಲುಬೂ ಇಂಥ ಪದರಗಳನ್ನು ತೋರಬಲ್ಲುದು, ಚಿತ್ರವೊಂದನ್ನೇ ನಂಬಲಾಗದು.

ನಿರ್ಣಯ ದೊರೆಯುವುದು ಸೂಜಿಯಿಂದ ತೆಗೆದ ಚೂರಿನಲ್ಲಿ. ಸೂಕ್ಷ್ಮದರ್ಶಕದಡಿ ಸಣ್ಣ, ದುಂಡನೆಯ, ನೀಲಿಬಣ್ಣ ಹೀರಿದ ಜೀವಕೋಶಗಳು ಕಿಕ್ಕಿರಿದಿರುತ್ತವೆ. ಲಿಂಫೋಮವೂ ಹೀಗೆಯೇ ತೋರುವುದರಿಂದ ವರ್ಣತಂತುಗಳನ್ನೂ ಪರೀಕ್ಷಿಸುತ್ತಾರೆ. 11ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದು ಬಹುಪಾಲು ರೋಗಿಗಳ ಗಂತಿಯಲ್ಲಿ ಕಂಡುಬರುತ್ತದೆ. ಸೂಜಿ ಚುಚ್ಚುವ ಜಾಗವನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಗೊತ್ತುಮಾಡಬೇಕು. ತಪ್ಪಿದರೆ, ಉಳಿಸಬಹುದಾಗಿದ್ದ ಕಾಲೇ ಹೋದೀತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ತೋರಿಸುವವರೆಗೆ ಆ ತೊಡೆಯನ್ನು ತಿಕ್ಕಬಾರದು.