ಇಂಗ್ಲಿಷಿನ ನೋಟ ಮತ್ತು ಆಲೋಚನೆಯ ಕ್ರಿಯಾಪದಗಳು: ಒಂದು ಅರ್ಥವಿವೇಚನೆ

ಇಂಗ್ಲಿಷಿನ ‘ಲುಕ್’, ‘ಸೀ’, ‘ವಾಚ್’ ಎಂಬ ಮೂರಕ್ಕೂ ‘ನೋಡು’ ಎಂಬ ಒಂದೇ ಅರ್ಥವನ್ನು ಹೇಳಿಕೊಡುವುದು ರೂಢಿ. ಆದರೆ ‘ಲುಕ್’ ಎಂಬುದು ದೃಷ್ಟಿಯನ್ನು ಹರಿಸುವ ಪ್ರಯತ್ನ; ‘ಸೀ’ ಎಂಬುದು ಆ ಪ್ರಯತ್ನದ ಫಲ, ಇಲ್ಲವೇ ಪ್ರಯತ್ನವಿಲ್ಲದೆ ಒದಗಿದ ಕಾಣ್ಕೆ; ‘ವಾಚ್’ ಎಂಬುದು ಚಲನೆ ಅಥವಾ ಬದಲಾವಣೆಯನ್ನು ಅನುಸರಿಸುವ ನೋಟ. ಗಿಲ್ಬರ್ಟ್ ರೈಲ್ ‘ದ ಕಾನ್ಸೆಪ್ಟ್ ಆಫ್ ಮೈಂಡ್’ (1949) ಕೃತಿಯಲ್ಲಿ ಪ್ರಯತ್ನವಾಚಕ ಹಾಗೂ ಸಿದ್ಧಿವಾಚಕ ಕ್ರಿಯಾಪದಗಳನ್ನು ಬೇರ್ಪಡಿಸಿರುವುದು ಇಲ್ಲಿ ಸ್ಮರಣೀಯ.

‘ಥಿಂಕ್’ ಕ್ರಿಯಾಪದದಲ್ಲಿಯೂ ಇಂತಹುದೇ ಭೇದವಿದೆ. ಝೀನೋ ವೆಂಡ್ಲರ್ 1957ರ ಲೇಖನದಲ್ಲಿ ತೋರಿಸಿರುವಂತೆ, ‘ಥಿಂಕ್ ಅಬೌಟ್’ ಕಾಲದಲ್ಲಿ ಸಾಗುವ ಕ್ರಿಯೆ. ‘ಥಿಂಕ್ ದಟ್’ ಅಭಿಪ್ರಾಯವೆಂಬ ಸ್ಥಿತಿ. ಆದ್ದರಿಂದಲೇ ಎರಡನೆಯದು ಸಾಮಾನ್ಯವಾಗಿ ‘ಥಿಂಕಿಂಗ್’ ರೂಪವನ್ನು ತಾಳದು.

ಕನ್ನಡದಲ್ಲಿ ಈ ಭೇದವಿಲ್ಲವೆಂದಲ್ಲ. ಇಲ್ಲಿ ಅದು ಕ್ರಿಯಾಪದದೊಂದಿಗೆ ವಿಭಕ್ತಿಯಲ್ಲಿಯೂ ವ್ಯಕ್ತವಾಗುತ್ತದೆ. ‘ನಾನು ನೋಡಿದೆ, ನನಗೆ ಕಾಣಿಸಲಿಲ್ಲ’; ‘ನಾನು ಯೋಚಿಸಿದೆ, ನನಗೆ ಹಾಗೆನ್ನಿಸಲಿಲ್ಲ’. ಪ್ರಯತ್ನಕ್ಕೆ ಪ್ರಥಮಾ, ಒದಗಿದ ಅನುಭವಕ್ಕೆ ಚತುರ್ಥೀ. ‘ನೋಡು’ ಎರಡೂ ಅರ್ಥಗಳಲ್ಲಿ ಬಳಕೆಯಾಗುವುದುಂಟು. ತೊಡಕು ಹುಟ್ಟುವುದು ಅಲ್ಲಿಯೇ. ಅಪಘಾತವೊಂದರಲ್ಲಿ ಚಾಲಕನು ನೀಡಿದ ‘ಐ ಡಿಡ್ ನಾಟ್ ಸೀ ಹಿಮ್’ ಎಂಬ ಹೇಳಿಕೆಯನ್ನು ‘ನಾನು ಅವನನ್ನು ನೋಡಲಿಲ್ಲ’ ಎಂದು ಅನುವಾದಿಸಿದೆವೆನ್ನೋಣ. ಆಗ ‘ಕಾಣಿಸಲಿಲ್ಲ’ ಎಂದವನು ‘ನೋಡುವ ಗೋಜಿಗೇ ಹೋಗಲಿಲ್ಲ’ ಎಂದಂತಾಗಬಹುದು. ಹಾಗೆಯೇ ಅಭಿಪ್ರಾಯಸೂಚಕ ‘ಐ ಥಿಂಕ್’ ಎಂಬುದನ್ನು ‘ನಾನು ಯೋಚಿಸುತ್ತೇನೆ’ ಎಂದರೆ, ತಳೆದ ನಿಲುವು ಇನ್ನೂ ಮುಗಿಯದ ಚಿಂತನೆಯಾಗಿಬಿಡುತ್ತದೆ.

ಆದುದರಿಂದ ಇಂತಹ ಕ್ರಿಯಾಪದಗಳನ್ನು ಬೋಧಿಸುವಾಗ ಸಮಾನಪದವನ್ನಷ್ಟೇ ನೀಡಿದರೆ ಸಾಲದು. ‘ನಾನು’ ಎನ್ನಬೇಕೋ ‘ನನಗೆ’ ಎನ್ನಬೇಕೋ ಎಂಬುದನ್ನೂ ತಿಳಿಸಬೇಕು.