ಯಾಂತ್ರಿಕ ತರಂಗಗಳೂ ವಿದ್ಯುತ್ಕಾಂತೀಯ ತರಂಗಗಳೂ

ಬೀದರದ ವಾಯುಪಡೆಯ ನೆಲೆಯಿಂದ ಮೇಲೇರಿದ ತರಬೇತಿ ವಿಮಾನವು ಚಿದ್ರಿಯ ಬಾನಿನಲ್ಲಿ ಹಾದುಹೋಗುವಾಗ ವಿದ್ಯಾರ್ಥಿಗಳು ಒಂದು ಸೋಜಿಗವನ್ನು ಕಂಡಿರಬಹುದು. ಸದ್ದು ಬಂದ ದಿಕ್ಕಿಗೆ ಕಣ್ಣು ಹಾಯಿಸಿದರೆ ವಿಮಾನವು ಅಲ್ಲಿರದೆ ಬಹಳ ಮುಂದೆ ಸಾಗಿರುತ್ತದೆ. ವಿಮಾನವು 3.4 ಕಿಲೋಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಮ್ಮನ್ನು ಮುಟ್ಟಲು ಸುಮಾರು 10 ಸೆಕೆಂಡು ಬೇಕು. ಬೆಳಕಿಗಾದರೋ ಒಂದು ಸೆಕೆಂಡಿನ ಸುಮಾರು ಲಕ್ಷದಲ್ಲೊಂದು ಭಾಗ ಸಾಕು.

ಇದಕ್ಕೆ ಕಾರಣವು ಎರಡು ತರಂಗಗಳ ಸ್ವಭಾವದಲ್ಲಿಯೇ ಇದೆ. ಶಬ್ದವು ಯಾಂತ್ರಿಕ ತರಂಗ. ಗಾಳಿ, ನೀರು, ಕಲ್ಲು ಮೊದಲಾದ ಯಾವುದಾದರೊಂದು ಮಾಧ್ಯಮವಿಲ್ಲದೆ ಅದು ಸಾಗಲಾರದು. ಮಾಧ್ಯಮದ ಕಣಗಳು ತಮ್ಮ ಎಡೆಯಲ್ಲಿಯೇ ಕಂಪಿಸಿ, ಶಕ್ತಿಯನ್ನು ನೆರೆಯ ಕಣಗಳಿಗೆ ದಾಟಿಸುತ್ತವೆ. ಬೆಳಕು, ರೇಡಿಯೋ ಅಲೆ, ಕ್ಷ-ಕಿರಣಗಳು ವಿದ್ಯುತ್ಕಾಂತೀಯ ತರಂಗಗಳು. ಇವುಗಳಲ್ಲಿ ಕಂಪಿಸುವುದು ಕಣಗಳಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಒಂದರ ಬದಲಾವಣೆಯು ಇನ್ನೊಂದನ್ನು ಹುಟ್ಟಿಸುವುದರಿಂದ ಇವಕ್ಕೆ ಮಾಧ್ಯಮದ ಹಂಗಿಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಿಂದ ಸಾಗುತ್ತವೆ. ಮ್ಯಾಕ್ಸ್‌ವೆಲ್ಲನು 1865ರಲ್ಲಿ ಗಣಿತದಿಂದ ಪ್ರತಿಪಾದಿಸಿದ ಈ ತರಂಗಗಳನ್ನು ಹರ್ಟ್ಸನು ಪ್ರಯೋಗಗಳಿಂದ ಸಿದ್ಧಪಡಿಸಿದನು. ಸೂರ್ಯನ ಬೆಳಕು ನಮಗೆ ತಲುಪಿ, ಅಲ್ಲಿಯ ಸದ್ದು ತಲುಪದಿರುವುದು ಇದೇ ಕಾರಣದಿಂದ.

ಈ ಭೇದವು ಪರೀಕ್ಷೆಯ ಉತ್ತರಕ್ಕಷ್ಟೇ ಸೀಮಿತವಾದುದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಕಲ್ಲು-ಮಣ್ಣಿನ ಮನೆಗಳು ಕುಸಿದು, ನಿದ್ರೆಯಲ್ಲಿದ್ದ ಸಾವಿರಾರು ಜನರು ಅಸುನೀಗಿದರು. ಬೀದರ ಸೀಮೆಯ ನೆಲವೂ ಅಂದು ನಡುಗಿತು. ಭೂಕಂಪದ ಅಲೆಗಳೂ ಯಾಂತ್ರಿಕ ತರಂಗಗಳೇ. ನೆಲದ ಮೇಲ್ಪದರದಲ್ಲಿ ಮೊದಲು ಬರುವ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಅದರ ಹಿಂದೆ ಬರುವ, ಹೆಚ್ಚು ಹಾನಿಕರವಾದ ಅಡ್ಡ ಅಲೆಯ ವೇಗ ಸುಮಾರು 3.5 ಕಿಲೋಮೀಟರ್. ಆದುದರಿಂದ 100 ಕಿಲೋಮೀಟರ್ ದೂರದ ಊರಿಗೆ ಮೊದಲನೆಯದು ಸುಮಾರು 17 ಸೆಕೆಂಡಿನಲ್ಲಿ, ಎರಡನೆಯದು ಸುಮಾರು 29 ಸೆಕೆಂಡಿನಲ್ಲಿ ತಲುಪುತ್ತದೆ. ಅಷ್ಟೇ ದೂರವನ್ನು ರೇಡಿಯೋ ಅಲೆಯು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಕ್ರಮಿಸುತ್ತದೆ.

ಈ ಅಂತರವನ್ನೇ ಬಳಸಿಕೊಂಡು ಜಪಾನ್ ದೇಶವು 2007ರಿಂದ ತನ್ನ ಪ್ರಜೆಗಳಿಗೆ ಮುನ್ಸೂಚನೆ ನೀಡುತ್ತಿದೆ. ಕಂಪನದ ಕೇಂದ್ರದ ಬಳಿಯ ಉಪಕರಣಗಳು ಮೊದಲ ಅಲೆಯನ್ನು ಗುರುತಿಸಿದೊಡನೆ ಸಂದೇಶವು ಹೊರಡುತ್ತದೆ. ಕೇಂದ್ರದ ಸಮೀಪದವರಿಗೆ ಅವಕಾಶ ದೊರೆಯದು. ದೂರದವರಿಗೆ ಕೆಲವು ಸೆಕೆಂಡುಗಳು ದೊರೆಯುತ್ತವೆ. ರೈಲು ನಿಲ್ಲಿಸಲು, ಮಗುವನ್ನು ಮೇಜಿನಡಿಗೆ ಸೇರಿಸಲು ಅಷ್ಟು ಸಾಕು.

ವಿಮಾನದ ಸದ್ದು ಹಿಂದುಳಿದುದನ್ನು ಮುಂದೆ ಕಂಡಾಗ, ಆ ಹಿಂದುಳಿದ ಸೆಕೆಂಡುಗಳಲ್ಲಿ ಪ್ರಾಣವನ್ನುಳಿಸುವ ವಿದ್ಯೆಯೂ ಅಡಗಿದೆ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು.